ಬಸುರಿಯ ಹೊಟ್ಟೆಗೆ ಟೇಪು ಹಿಡಿಯಿರಿ

ಮಾನ್ಯ ಸಂಪಾದಕರೇ,

ನಾನು ಹನುಮಂತನಗರದಲ್ಲಿ ಬ್ಲೌಸ್ ಹೊಲಿಯುವವಳು. 30 ವರ್ಷಗಳಿಂದ ಇದೇ ಕಸುಬು. ಹೋದ ವಾರ ಅಂಗಡಿಗೆ ಒಬ್ಬ ಹುಡುಗಿ ಸೀಮಂತಕ್ಕೆಂದು ಹಸಿರು ಬ್ಲೌಸ್ ಹೊಲಿಸಲು ಬಂದಿದ್ದಳು. ಬಟ್ಟೆ ತೆಗೆಯುವಾಗ ಚೀಲದಿಂದ ತಾಯಿ ಕಾರ್ಡ್ ಜಾರಿ ಬಿತ್ತು. ಎತ್ತಿಕೊಟ್ಟೆ, ಆಮೇಲೆ ನೋಡಬಹುದೇ ಎಂದು ಕೇಳಿ ಬಿಡಿಸಿದೆ. ರಕ್ತದೊತ್ತಡ ಬರೆದಿದ್ದರು, ತೂಕ ಬರೆದಿದ್ದರು, ಹಿಮೋಗ್ಲೋಬಿನ್ ಎಷ್ಟೆಂದು ಬರೆದಿದ್ದರು. ಗರ್ಭಕೋಶದ ಎತ್ತರ ಬರೆಯುವ ಸಾಲು ಮಾತ್ರ ಮೊದಲಿನಿಂದ ಕೊನೆಯವರೆಗೆ ಖಾಲಿ. ಅವಳಿಗೆ ಆಗಲೇ 29 ವಾರ.

ನನ್ನ ಮಗಳ ಕಾರ್ಡಿನಲ್ಲೂ ಅದೇ ಸಾಲು ಖಾಲಿ ಇತ್ತು. ಆ ಖಾಲಿ ಸಾಲಿನಿಂದ ನಮ್ಮ ಮನೆ ಏನನ್ನು ಕಂಡಿತು ಎಂಬುದನ್ನು ಬರೆಯದೆ ಇರಲು ನನಗೆ ಆಗುತ್ತಿಲ್ಲ. ಪತ್ರ ಉದ್ದವಾದರೆ ಕ್ಷಮಿಸಿ.

ಮಗಳಿಗೆ ಆಗ 26 ವರ್ಷ, ಚೊಚ್ಚಲ ಬಸಿರು. ಚಿಕ್ಕಪೇಟೆಯ ಸೀರೆ ಅಂಗಡಿಯೊಂದರಲ್ಲಿ ಬಿಲ್ ಹಾಕುವ ಕೆಲಸ. ತಿಂಗಳು ತಪ್ಪಿಸದೆ ಒಂದು ನರ್ಸಿಂಗ್ ಹೋಮಿಗೆ ಹೋಗುತ್ತಿದ್ದಳು. ಕಬ್ಬಿಣಾಂಶದ ಮಾತ್ರೆ ಒಂದು ದಿನವೂ ಬಿಟ್ಟವಳಲ್ಲ. 20ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೃದಯ, ಬೆನ್ನುಹುರಿ, ಕೈಕಾಲು ಎಲ್ಲವೂ ಚೆನ್ನಾಗಿವೆ ಎಂದರು. ನಾವು ಗಣಪತಿಗೆ ಇಡುಗಾಯಿ ಒಡೆದು ನಿಶ್ಚಿಂತರಾದೆವು. ಆಮೇಲಿನ ಭೇಟಿಗಳಲ್ಲಿ ಒಂದೊಂದಕ್ಕೂ ಎರಡು ಗಂಟೆ ಕಾಯಬೇಕಿತ್ತು, ಒಳಗೆ ಹೋದರೆ ನಾಲ್ಕು ನಿಮಿಷ. ತೂಕ, ಬಿ.ಪಿ., ಮಗುವಿನ ಎದೆಬಡಿತ, ‘ಎಲ್ಲ ನಾರ್ಮಲ್, ಮುಂದಿನ ತಿಂಗಳು ಬನ್ನಿ’. ಹೊಟ್ಟೆ ಎಷ್ಟು ಬೆಳೆದಿದೆ ಎಂದು ಯಾರೂ ಅಳೆಯಲಿಲ್ಲ. ಅಳೆಯಬೇಕು ಎಂಬುದು ನಮಗೂ ಗೊತ್ತಿರಲಿಲ್ಲ.

ಆದರೆ ನನ್ನ ಕೈಗೆ ಗೊತ್ತಾಗಬೇಕಿತ್ತು. ಮಗಳ ಚೂಡಿದಾರದ ಟಾಪುಗಳನ್ನು ನಾನೇ ಹೊಲಿದಿದ್ದೆ. ಬಸುರಿಯ ಬಟ್ಟೆ ಎಂದು ಎರಡೂ ಪಕ್ಕದಲ್ಲಿ ಎರಡೆರಡು ಇಂಚು ಬಟ್ಟೆ ಒಳಗೆ ಬಿಟ್ಟಿದ್ದೆ. ಐದನೇ ತಿಂಗಳಲ್ಲಿ ಒಂದು ಹೊಲಿಗೆ ಬಿಚ್ಚಿದೆ. ಏಳು ಮುಗಿಯುವ ಹೊತ್ತಿಗೆ ಇನ್ನೊಂದನ್ನು ಬಿಚ್ಚಬೇಕಾಗುತ್ತದೆ ಎಂದುಕೊಂಡಿದ್ದೆ. ‘ಬೇಡಮ್ಮ, ಇನ್ನೂ ಸಡಿಲವಾಗಿಯೇ ಇದೆ’ ಎಂದಳು. ಎಂಟರಲ್ಲೂ ಸಡಿಲವಾಗಿಯೇ ಇತ್ತು. ಪಕ್ಕದ ಮನೆಯ ಅಜ್ಜಿ, ‘ಚೊಚ್ಚಲಿಗೆ ಹೊಟ್ಟೆ ಎದ್ದು ಕಾಣುವುದಿಲ್ಲ’ ಎಂದರು. ನಮ್ಮ ಬೀಗಿತಿ, ‘ಮಗು ಸಣ್ಣದಿದ್ದರೆ ಒಳ್ಳೆಯದೇ, ಹೆರಿಗೆ ಸಲೀಸು’ ಎಂದರು. ಹೊಟ್ಟೆ ಚಿಕ್ಕದಿದ್ದರೆ ಗಂಡು ಎಂದವರೂ ಇದ್ದರು. ಇವರ ಮಾತುಗಳಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಪ್ರೀತಿಯಿಂದಲೇ ಹೇಳಿದ್ದು. ನಾನೂ ತಲೆ ಆಡಿಸಿದೆ. ಆ ತಲೆ ಆಡಿಸಿದ್ದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

32 ವಾರ ದಾಟಿದ ಮೇಲೆ ಮಗು ಮಿಸುಕಾಡುವುದು ಕಡಿಮೆಯಾಗಿದೆ ಎಂದು ಮಗಳು ಎರಡು ಬಾರಿ ಹೇಳಿದಳು. ನರ್ಸಿಂಗ್ ಹೋಮಿಗೆ ಫೋನ್ ಮಾಡಿದರೆ, ತಣ್ಣಗೆ ಜ್ಯೂಸ್ ಕುಡಿದು ಎಡಮಗ್ಗುಲಿಗೆ ಮಲಗಲು ಹೇಳಿದರು. ಕುಡಿದಳು, ಮಲಗಿದಳು. ಮಗು ಒಂದೆರಡು ಸಲ ಒದ್ದಂತಾಯಿತು, ನಾವೂ ಸುಮ್ಮನಾದೆವು. ಬಸುರಿ ಹೆಣ್ಣುಮಕ್ಕಳೇ, ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ: ಮಗುವಿನ ಅಲುಗಾಟ ಎಂದಿನಂತಿಲ್ಲ ಎಂದು ನಿಮಗೆ ಅನಿಸಿದರೆ ಜ್ಯೂಸು, ನಿಂಬೆಪಾನಕ ಎಂದು ಕಾಲ ಕಳೆಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ರಾತ್ರಿಯಾದರೂ ಹೋಗಿ. ಏನೂ ಇಲ್ಲ ಎಂದು ವಾಪಸು ಕಳುಹಿಸಿದರೆ ಆಟೋ ಬಾಡಿಗೆ ಮಾತ್ರ ಹೋಗುತ್ತದೆ.

33ನೇ ವಾರದ ಭೇಟಿಗೆ ಹೋದ ದಿನ ನಮ್ಮ ವೈದ್ಯರು ರಜೆಯಲ್ಲಿದ್ದರು. ಅವರ ಜಾಗದಲ್ಲಿ ಕುಳಿತಿದ್ದ ವೈದ್ಯೆ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮಗಳಿಗೆ ಮೂತ್ರ ಮಾಡಿ ಬರಲು ಹೇಳಿದರು. ಮಲಗಿಸಿ, ಅಂಗೈಯ ಅಂಚಿನಿಂದ ಹೊಟ್ಟೆಯನ್ನು ಮೇಲಿನಿಂದ ಒತ್ತುತ್ತಾ ಬಂದು ಗರ್ಭಕೋಶದ ನೆತ್ತಿ ಎಲ್ಲಿದೆ ಎಂದು ಹುಡುಕಿದರು. ಆಮೇಲೆ ಬಿಳಿ ಕೋಟಿನ ಜೇಬಿನಿಂದ ಒಂದು ಟೇಪು ತೆಗೆದರು. ನಾನು ದಿನವೂ ಕುತ್ತಿಗೆಗೆ ಹಾಕಿಕೊಳ್ಳುವಂಥದ್ದೇ ಹಳದಿ ಟೇಪು, ಒಂದು ಕಡೆ ಇಂಚು, ಇನ್ನೊಂದು ಕಡೆ ಸೆಂಟಿಮೀಟರ್. ಅದರ ತುದಿಯನ್ನು ನೆತ್ತಿಯ ಮೇಲಿಟ್ಟು, ಹೊಟ್ಟೆಯ ಉಬ್ಬಿನ ಮೇಲೆಯೇ ಎಳೆದು, ಕೆಳಗೆ ಮೂಳೆ ಸಿಗುವವರೆಗೆ ತಂದರು. ಟೇಪು ತಲೆಕೆಳಗಾಗಿತ್ತು, ಇಂಚಿನ ಬದಿ ಮೇಲಿತ್ತು. ಕಸುಬಿನವಳ ಬಾಯಿ ಸುಮ್ಮನಿರಲಿಲ್ಲ. ‘ಮೇಡಂ, ಟೇಪು ಮಗುಚಿದೆ’ ಎಂದೆ.

‘ಬೇಕೆಂದೇ ಹಾಗೆ ಹಿಡಿದಿದ್ದೇನೆ ಅಮ್ಮ’ ಎಂದರು. ‘33 ವಾರ ಎಂದು ಕಾರ್ಡಿನಲ್ಲಿ ಓದಿದ್ದೇನೆ. ಸೆಂಟಿಮೀಟರ್ ಅಂಕಿ ಕಣ್ಣಿಗೆ ಬಿದ್ದರೆ ಕೈ ತಾನಾಗಿ 33ರ ಹತ್ತಿರ ಹೋಗಿ ನಿಲ್ಲುತ್ತದೆ.’

ಇದಕ್ಕಿಂತ ನಿಜವಾದ ಮಾತನ್ನು ಅಳತೆಯ ಬಗ್ಗೆ ನಾನು ಕೇಳಿಲ್ಲ. ಗಿರಾಕಿ ‘ನನ್ನದು 36’ ಎಂದು ಹೇಳಿಬಿಟ್ಟರೆ ನಮ್ಮ ಬೆರಳೂ 36ಕ್ಕೇ ಹೋಗುತ್ತದೆ, ಬ್ಲೌಸ್ ಕೆಡುವುದು ಅಲ್ಲಿಯೇ. ಅವರು ಮೂಳೆಯ ಬಳಿ ಹೆಬ್ಬೆರಳಿನ ಉಗುರಿನಿಂದ ಟೇಪನ್ನು ಗಟ್ಟಿಯಾಗಿ ಹಿಡಿದು, ಮಗುಚಿ ನೋಡಿದರು. 27. ಏನೂ ಮಾತನಾಡದೆ ಮತ್ತೊಮ್ಮೆ ಅಳೆದರು. ಮತ್ತೆ 27. ಕಾರ್ಡನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿದರು. ಹಿಂದಿನ ಅಳತೆ ಹುಡುಕುತ್ತಿದ್ದರು, ಇರಲಿಲ್ಲ.

ಸುಮಾರು 24 ವಾರ ದಾಟಿದ ಮೇಲೆ ಎಷ್ಟು ವಾರವೋ ಹೆಚ್ಚುಕಡಿಮೆ ಅಷ್ಟೇ ಸೆಂಟಿಮೀಟರ್ ಎತ್ತರ ಇರಬೇಕಂತೆ. ಎರಡು ಮೂರು ಸೆಂಟಿಮೀಟರ್ ಆಚೀಚೆ ಆಗಬಹುದು. ಅದಕ್ಕಿಂತ ಕಡಿಮೆ ಬಂದರೆ, ಇಲ್ಲವೇ ಹಿಂದಿನ ಭೇಟಿಗಿಂತ ಏರದೆ ನಿಂತರೆ, ಸ್ಕ್ಯಾನ್ ಮಾಡಿ ಮಗುವಿನ ಬೆಳವಣಿಗೆ ನೋಡಬೇಕು. ನಮಗೆ ಆರು ಸೆಂಟಿಮೀಟರ್ ಕೊರತೆ. ಅಂದೇ ಬಿ.ಪಿ. 150/100 ಇತ್ತು, ಮೂತ್ರದಲ್ಲಿ ಪ್ರೋಟೀನ್ ಕಂಡಿತು. ಸ್ಕ್ಯಾನಿಂಗ್‌ನಲ್ಲಿ ಮಗುವಿನ ಅಂದಾಜು ತೂಕ 1,340 ಗ್ರಾಂ ಬಂತು. ಅಷ್ಟೇ ವಾರಗಳ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಕೊನೆಯ ಹತ್ತರೊಳಗೆ ಬರುವ ಮಗುವಿನ ಮೇಲೆ ಕಣ್ಣಿಡುತ್ತಾರಂತೆ. ನಮ್ಮದು ಕೊನೆಯ ಮೂರರೊಳಗೆ ಇತ್ತು.

ವೈದ್ಯೆ ಒಂದು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ನಾವು ಮಾಸು ಎನ್ನುತ್ತೇವಲ್ಲ, ಅದೇ ಮಗುವಿಗೆ ಅಡುಗೆಮನೆ, ಅದೇ ಶ್ವಾಸಕೋಶ. ತಾಯಿಯ ರಕ್ತನಾಳಗಳು ಮೊದಲ ತಿಂಗಳುಗಳಲ್ಲಿ ಸಡಿಲಗೊಂಡು ಅಗಲವಾಗಿ ಮಾಸಿಗೆ ಧಾರಾಳವಾಗಿ ರಕ್ತ ಕೊಡಬೇಕು. ಕೆಲವರಲ್ಲಿ ಅವು ಹಾಗೆ ಅಗಲವಾಗುವುದಿಲ್ಲ. ತಾಯಿಗೆ ಬಿ.ಪಿ. ಏರುವುದೂ ಮಗು ಸೊರಗುವುದೂ ಎಷ್ಟೋ ವೇಳೆ ಒಂದೇ ಬೇರಿನಿಂದ ಬರುತ್ತವೆ. ಡಾಪ್ಲರ್ ಪರೀಕ್ಷೆಯಲ್ಲಿ ಹೊಕ್ಕುಳಬಳ್ಳಿಯ ರಕ್ತದ ಓಟ ನೋಡಿದರು. ಒಂದು ಎದೆಬಡಿತಕ್ಕೂ ಇನ್ನೊಂದಕ್ಕೂ ನಡುವೆ ಕೂಡ ರಕ್ತ ಮುಂದಕ್ಕೆ ಹರಿಯುತ್ತಲೇ ಇರಬೇಕು. ನಮ್ಮ ಮಗುವಿನಲ್ಲಿ ಆ ನಡುವೆ ಅದು ನಿಂತುಹೋಗುತ್ತಿತ್ತು.

ಅಂದೇ ಸಂಜೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ 24 ಗಂಟೆಗಳ ಅಂತರದಲ್ಲಿ ಎರಡು ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ‘ಒಳಗಿದ್ದರೆ ಬೆಳೆಯುತ್ತದಲ್ಲವೇ, ಇನ್ನೂ ಒಂದು ತಿಂಗಳು ಇಟ್ಟುಕೊಳ್ಳಲು ಆಗುವುದಿಲ್ಲವೇ’ ಎಂದು ಅಳಿಯ ಕೇಳಿದ. ಒಳಗೆ ಬೆಳೆಸುವ ಔಷಧಿ ಯಾವುದೂ ಇಲ್ಲ, ಹಾಸಿಗೆಯಲ್ಲಿ ಮಲಗಿದರೂ ಬೆಳೆಯುವುದಿಲ್ಲ, ಇಲ್ಲಿ ಗೊತ್ತು ಮಾಡಬೇಕಾದದ್ದು ಮಗುವಿಗೆ ಒಳಗೆ ಹೆಚ್ಚು ಅಪಾಯವೋ ಹೊರಗೆ ಹೆಚ್ಚು ಅಪಾಯವೋ ಎಂಬುದನ್ನು ಮಾತ್ರ ಎಂದರು. ಮೂರನೆಯ ದಿನ ಶಸ್ತ್ರಚಿಕಿತ್ಸೆ ಮಾಡಿ ಮಗುವನ್ನು ತೆಗೆದರು. ಗಂಡು ಮಗು. 1,290 ಗ್ರಾಂ.

ಮೊಮ್ಮಗನಿಗೆ ಟೋಪಿ ಹೊಲಿದು ತರಬಹುದು ಎಂದು ನರ್ಸಮ್ಮ ಹೇಳಿದರು. ತಲೆಯ ಅಳತೆ ಅವರೇ ಕೊಟ್ಟರು. ಹಳೆಯ ಮೆತ್ತನೆಯ ಪಂಚೆಯಲ್ಲಿ, ಒಳಗೆ ಹೊಲಿಗೆ ಒತ್ತದ ಹಾಗೆ, ಒಂದು ಟೋಪಿಯನ್ನೂ ಒಂದು ಜುಬ್ಬವನ್ನೂ ಹೊಲಿದೆ. ಟೋಪಿಗೆ ಹೊಂದುವಷ್ಟೇ ಅಳತೆಯಲ್ಲಿ ಜುಬ್ಬ ಕತ್ತರಿಸಿದ್ದೆ. ಟೋಪಿ ಸರಿಯಾಗಿ ಕುಳಿತುಕೊಂಡಿತು. ಜುಬ್ಬ ಮಾತ್ರ ಗೂಟಕ್ಕೆ ನೇತು ಹಾಕಿದಂತೆ ಜೋಲಾಡಿತು. ತಲೆ ಆ ವಾರಗಳ ಮಗುವಿನದು, ಮೈ ಅದಕ್ಕಿಂತ ಎಳೆಯದು. ತೊಡೆಯ ಚರ್ಮ ನೆರಿಗೆ ನೆರಿಗೆಯಾಗಿತ್ತು, ಒಳಗೆ ಕೊಬ್ಬೇ ಇರಲಿಲ್ಲ. ಮಕ್ಕಳ ವೈದ್ಯರು ಕಾರಣ ಹೇಳಿದರು. ರಕ್ತ ಸಾಲದೆ ಬಂದಾಗ ಮಗು ಇರುವುದನ್ನು ಮೊದಲು ಮಿದುಳಿಗೆ ಕಳುಹಿಸುತ್ತದೆ, ಹೊಟ್ಟೆ ಕೈಕಾಲಿಗೆ ಆಮೇಲೆ. ಮನೆಯಲ್ಲಿ ಅಕ್ಕಿ ಕಡಿಮೆಯಾದ ದಿನ ನಮ್ಮವ್ವ ನಮಗೆ ಬಡಿಸಿ ತಾನು ಗಂಜಿ ಕುಡಿಯುತ್ತಿದ್ದಳು. ಹೊರಗಿನ ಬೆಳಕನ್ನೇ ಕಾಣದ ಆ ಕೂಸು ಅಷ್ಟು ಲೆಕ್ಕಾಚಾರದಿಂದ ಎಷ್ಟು ವಾರ ಬದುಕಿತ್ತೋ. ಟೋಪಿ ಕೈಯಲ್ಲಿ ಹಿಡಿದು ಅಲ್ಲಿಯೇ ಅತ್ತುಬಿಟ್ಟೆ.

31 ದಿನ ಆಸ್ಪತ್ರೆಯಲ್ಲಿದ್ದೆವು. ಮೊದಲ ದಿನಗಳಲ್ಲಿ ಮಗುವಿನ ರಕ್ತದ ಸಕ್ಕರೆ ಇಳಿಯುತ್ತಿತ್ತು, ಮೈ ತಣ್ಣಗಾಗುತ್ತಿತ್ತು. ತಾಯಿಯ ಹಾಲನ್ನು ಎರಡು ಗಂಟೆಗೊಮ್ಮೆ ಎರಡು ಮಿಲಿಲೀಟರ್‌ನಂತೆ ಕೊಳವೆಯಲ್ಲಿ ಕೊಡುತ್ತಿದ್ದರು. ಆಮೇಲೆ ಕಾಂಗರೂ ಆರೈಕೆ ಶುರು ಮಾಡಿಸಿದರು: ಮಗುವನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಒರಗಿಸಿ ಬಟ್ಟೆಯಲ್ಲಿ ಕಟ್ಟುವುದು. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ, ಕಾವುಪೆಟ್ಟಿಗೆಗಳು ಸಾಲದೆ ಬಂದಾಗ, ಶುರುವಾದ ಕ್ರಮವಂತೆ. ಮಗಳಿಗೆ ಹೊಲಿಗೆಯ ನೋವಿದ್ದ ರಾತ್ರಿಗಳಲ್ಲಿ ನಾನು ಕಟ್ಟಿಕೊಳ್ಳುತ್ತಿದ್ದೆ. ಅಳಿಯನೂ ಕಟ್ಟಿಕೊಂಡ. ಗಂಡಸರು ಹಾಗೆ ಕೂರುವುದೇ ಎಂದು ಬೀಗಿತಿಗೆ ಮೊದಲು ಮುಜುಗರವಾಯಿತು, ಎರಡನೆಯ ದಿನ ಅವರೇ ಮಗನಿಗೆ ಬೆನ್ನಿಗೆ ದಿಂಬು ಕೊಟ್ಟರು. ಮನೆಗೆ ಕರೆತರುವಾಗ 1,760 ಗ್ರಾಂ. ಈಗ ಹದಿನಾಲ್ಕು ತಿಂಗಳು. ಗೋಡೆ ಹಿಡಿದು ನಡೆಯುತ್ತಾನೆ, ನನ್ನ ಬಾಬಿನ್‌ಗಳನ್ನು ಮಂಚದ ಕೆಳಗೆ ಉರುಳಿಸುತ್ತಾನೆ.

ಮಗಳನ್ನು ನೋಡಲು ಬಂದವರಲ್ಲಿ ಅರ್ಧಕ್ಕರ್ಧ ಜನ ಕೇಳಿದ್ದು ಒಂದೇ: ‘ಸರಿಯಾಗಿ ತಿನ್ನಲಿಲ್ಲವೇನಮ್ಮ?’ ಅವಳು ಹಾಲೂಡುತ್ತಾ ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತಿದ್ದಳು. ಮೊಟ್ಟೆ, ಹೆಸರುಕಾಳು, ನುಗ್ಗೆಸೊಪ್ಪು, ರಾಗಿಮುದ್ದೆ ಎಲ್ಲವನ್ನೂ ತಿಂದವಳು ಅವಳು. ಬಸುರಿಯ ಊಟ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ರಕ್ತಹೀನತೆ, ಅರೆಹೊಟ್ಟೆ, ಹೊಗೆಸೊಪ್ಪು, ಹಳೆಯ ಬಿ.ಪಿ., ಕೆಲವು ಸೋಂಕುಗಳು, ಅವಳಿ ಬಸಿರು, ಇವೆಲ್ಲ ಮಗುವಿನ ಬೆಳವಣಿಗೆ ಕುಂಠಿತವಾಗಲು ಕಾರಣವಾಗುತ್ತವೆ. ನಮ್ಮ ರಾಜ್ಯದಲ್ಲಿ 2017ರಿಂದ ಅಂಗನವಾಡಿಗಳಲ್ಲಿ ಮಾತೃಪೂರ್ಣದ ಬಿಸಿಯೂಟ ಕೊಡುವುದು ಸುಮ್ಮನೆ ಅಲ್ಲ. ಆದರೆ ಮಾಸೇ ಸರಿಯಾಗಿ ಬೇರೂರದಿದ್ದಾಗ ತಾಯಿ ಎಷ್ಟು ಉಂಡರೂ ಅದು ಮಗುವಿನ ಬಾಯಿಗೆ ತಲುಪುವುದಿಲ್ಲ. ಹಸಿ ಬಾಣಂತಿಯ ಮುಂದೆ ಕುಳಿತು ತಪ್ಪು ಹುಡುಕುವವರು ಇದನ್ನು ತಿಳಿದಿರಬೇಕು. ಮುಂದಿನ ಬಸಿರಿದ್ದರೆ ಮೊದಲೇ ಬರಬೇಕು, 16 ವಾರದೊಳಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರು ಮಾಡುತ್ತೇವೆ ಎಂದು ವೈದ್ಯರು ಅವಳಿಗೆ ಹೇಳಿದ್ದಾರೆ. ಅದು ಅವಳಿಗೆ ಹೇಳಿದ್ದು, ಓದಿದವರು ತಾವಾಗಿ ನುಂಗಬಾರದು.

ಟೇಪು ಸರ್ವರೋಗಕ್ಕೆ ಮದ್ದೆಂದು ನಾನು ತಿಳಿದಿಲ್ಲ. ತಾಯಿ ದಪ್ಪವಿದ್ದರೆ, ಗರ್ಭಕೋಶದಲ್ಲಿ ಗೆಡ್ಡೆಯಿದ್ದರೆ, ಅವಳಿಯಿದ್ದರೆ ಅಳತೆ ದಾರಿ ತಪ್ಪಿಸುತ್ತದೆ. ಟೇಪಿಗೆ ಸಿಗದೆ ಜಾರುವ ಸಣ್ಣ ಮಕ್ಕಳೂ ಇದ್ದಾರೆ. ಅದಕ್ಕೇ ಬಿ.ಪಿ. ಇದ್ದವರಿಗೆ, ಹಿಂದೆ ಸಣ್ಣ ಮಗು ಹುಟ್ಟಿದವರಿಗೆ ಕೊನೆಯ ತಿಂಗಳುಗಳಲ್ಲಿ ಬೆಳವಣಿಗೆಯ ಸ್ಕ್ಯಾನ್ ಬೇಕೇ ಬೇಕು. ಇನ್ನೊಂದು, ಸಣ್ಣ ಮಗುವೆಲ್ಲ ಕಾಯಿಲೆಯ ಮಗುವಲ್ಲ. ಅಪ್ಪ ಅಮ್ಮ ಸಣ್ಣ ಮೈಯವರಾದರೆ ಮಗುವೂ ಸಣ್ಣದಾಗಿ, ಆದರೆ ತನ್ನ ಗತಿಯಲ್ಲಿ ಬೆಳೆಯುತ್ತಲೇ ಇರಬಹುದು. ಎರಡನ್ನೂ ಬೇರೆ ಮಾಡಿ ತಿಳಿಯಬೇಕಾದರೆ ಹಿಂದಿನ ಅಳತೆ ಇರಬೇಕು. ಒಂದು ಅಳತೆಯಿಂದ ತಿಳಿಯುವುದು ಸ್ವಲ್ಪ, ನಾಲ್ಕು ಅಳತೆಗಳನ್ನು ಒಂದರ ಪಕ್ಕ ಒಂದಿಟ್ಟರೆ ಮಗು ಏರುತ್ತಿದೆಯೋ ನಿಂತಿದೆಯೋ ಕಾಣುತ್ತದೆ. 24, 28, 30ನೇ ವಾರಗಳ ಅಂಕಿ ಕಾರ್ಡಿನಲ್ಲಿ ಇದ್ದಿದ್ದರೆ ಆ ವೈದ್ಯೆ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಹುಡುಕಬೇಕಾಗಿರಲಿಲ್ಲ. ಅವರು ಅಂದು ರಜೆಯ ಬದಲಿಗೆ ಬಾರದೆ ಇದ್ದಿದ್ದರೆ? ಅಂಥ ಮಕ್ಕಳು ಒಳಗೇ ತೀರಿಹೋಗುವುದುಂಟು ಎಂದು ಆಮೇಲೆ ನಮಗೆ ಹೇಳಿದರು. ಆ ಯೋಚನೆ ಬಂದಾಗ ನಾನು ಮಿಷನ್ ನಿಲ್ಲಿಸಿ ಎದ್ದು ಹೋಗಿ ಮಗುವನ್ನು ಮುಟ್ಟಿ ಬರುತ್ತೇನೆ.

ಕಾರ್ಡಿನ ಒಂದು ಸಾಲಿಗೆ ಇಷ್ಟು ಬೆಲೆಯೇ ಎನ್ನುವವರಿಗೆ ಮೈಸೂರಿನ ಮಾತೊಂದನ್ನು ಹೇಳಬೇಕು. ಅದು ನನ್ನ ತಾಯಿಯ ಊರು. ಅಲ್ಲಿಯವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಫ್ತರದಲ್ಲಿ ಬರೆದಿಟ್ಟಿದ್ದರು. ದಶಕಗಳ ಮೇಲೆ ಸಂಶೋಧಕರು ಆ ದಫ್ತರ ಹಿಡಿದು, ಮೈಸೂರಿನಲ್ಲೇ ಉಳಿದಿದ್ದ ಆ ಮಕ್ಕಳನ್ನು, ಆಗಲೇ ನಡುವಯಸ್ಸಿಗೆ ಬಂದವರನ್ನು, ಹುಡುಕಿ ತಪಾಸಣೆ ಮಾಡಿದರು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚಿತ್ತು. 1996ರಲ್ಲಿ ಅದು ಜಗತ್ತಿನ ವೈದ್ಯರಿಗೆಲ್ಲ ತಿಳಿಯಿತು. ನಮ್ಮ ಮಗುವನ್ನು ಮನೆಗೆ ಕಳುಹಿಸುವಾಗ ಮಕ್ಕಳ ವೈದ್ಯರು ಇದನ್ನು ಹೇಳಿ, ಅವನ ಹುಟ್ಟಿನ ಕಾಗದಗಳನ್ನು ಜೋಪಾನ ಮಾಡಿ, ದೊಡ್ಡವನಾದ ಮೇಲೂ ಬಿ.ಪಿ., ಸಕ್ಕರೆ ನೋಡಿಸುತ್ತಿರಿ ಎಂದರು. ಬೇಗ ದಪ್ಪವಾಗಲಿ ಎಂದು ತುಪ್ಪ ಸಕ್ಕರೆ ತುರುಕಬೇಡಿ ಎಂದೂ ಹೇಳಿದರು. ತೊಂಬತ್ತು ವರ್ಷಗಳ ಹಿಂದೆ, ಹೆರಿಗೆ ಕೋಣೆಯ ಗಡಿಬಿಡಿಯ ನಡುವೆ, ಶಾಯಿಯ ಲೇಖನಿಯಲ್ಲಿ ದಫ್ತರದ ಆ ಸಾಲುಗಳನ್ನು ತುಂಬಿದ ಕೈಗಳು ಯಾರವೋ ನನಗೆ ತಿಳಿಯದು. ಅವರು ಪುರುಸೊತ್ತಿಲ್ಲ ಎಂದು ಬಿಡಲಿಲ್ಲ.

ಈಗಿನವರಿಗೆ ಪುರುಸೊತ್ತಿಲ್ಲ ಎಂಬುದು ಸುಳ್ಳಲ್ಲ. ಬೆಳಿಗ್ಗೆ ಹೆರಿಗೆ ಆಸ್ಪತ್ರೆಗಳ ಮುಂದೆ ನಿಂತ ಸಾಲನ್ನು ನಾನೂ ಕಂಡಿದ್ದೇನೆ. ಒಬ್ಬ ನರ್ಸಮ್ಮ ಬಿ.ಪಿ. ನೋಡಬೇಕು, ಅವರೇ ಮಾತ್ರೆ ಕೊಡಬೇಕು, ಅವರೇ ಕಂಪ್ಯೂಟರಿಗೆ ಏರಿಸಬೇಕು. ಆದರೂ ಹೊಟ್ಟೆ ಅಳೆಯಲು ಒಂದು ನಿಮಿಷ ಸಾಕು. ಟೇಪು ಅವೆನ್ಯೂ ರಸ್ತೆಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುತ್ತದೆ, ವಿದ್ಯುತ್ ಬೇಡ, ಬ್ಯಾಟರಿ ಬೇಡ. ಪ್ರತಿ ತಿಂಗಳು 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಹೆಸರಿನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಆ ದಿನ ಪರೀಕ್ಷಾ ಮಂಚದ ಪಕ್ಕದ ಮೊಳೆಗೆ ಒಂದು ಟೇಪು ನೇತುಬಿದ್ದಿರಲಿ. ಖಾಸಗಿ ನರ್ಸಿಂಗ್ ಹೋಮುಗಳೂ, ಸಾವಿರಾರು ರೂಪಾಯಿ ತೆಗೆದುಕೊಳ್ಳುವವರು, ಆ ಸಾಲನ್ನು ಖಾಲಿ ಬಿಟ್ಟು ಕಾರ್ಡ್ ವಾಪಸು ಕೊಡದಿರಲಿ. ಆರೋಗ್ಯ ಇಲಾಖೆಯವರು ಕಾರ್ಡುಗಳನ್ನು ಪರಿಶೀಲಿಸುವಾಗ ಆ ಸಾಲನ್ನು ಮೊದಲು ನೋಡಲಿ. ಸೀಮಂತಕ್ಕೆ ಬಳೆ ತೊಡಿಸಲು ಹೋಗುವ ಅಮ್ಮಂದಿರೇ, ಅತ್ತೆಯಂದಿರೇ, ಕಾರ್ಡ್ ಎಲ್ಲಿ ಎಂದು ಕೇಳಿ ಬಿಡಿಸಿ ನೋಡಿ. ಓದಲು ಬಾರದಿದ್ದರೆ ಮೊಮ್ಮಕ್ಕಳಿಂದ ಓದಿಸಿ. ಖಾಲಿ ಇದ್ದರೆ ಕೇಳಲು ನಾಚಬೇಡಿ.

ಆ ಹುಡುಗಿಗೆ ಇದನ್ನೆಲ್ಲ ಹೇಳಲಿಲ್ಲ, ಹೆದರಿಯಾಳು ಎಂದು. ‘ಮುಂದಿನ ಸಲ ಹೊಟ್ಟೆಯ ಅಳತೆ ತೆಗೆದು ಇಲ್ಲಿ ಬರೆಯಿರಿ ಎಂದು ಕೇಳು ಮಗಳೇ’ ಎಂದಷ್ಟೇ ಹೇಳಿದೆ. ಅವರ ಬಳಿ ಟೇಪು ಇಲ್ಲದಿದ್ದರೆ ಎಂದಳು. ಡ್ರಾಯರಿನಲ್ಲಿದ್ದ ಹೊಸದನ್ನು ಸುತ್ತಿ ಅವಳ ಕೈಗಿಟ್ಟೆ. 9ಕ್ಕೆ ಅವಳ ತಪಾಸಣೆ ಇದೆ. ಬ್ಲೌಸ್ ಅಂದೇ ಸಂಜೆಗೆ ಸಿದ್ಧವಿರುತ್ತದೆ, ತೆಗೆದುಕೊಂಡು ಹೋಗಲು ಬರುವಾಗ ಕಾರ್ಡನ್ನೂ ತಾ ಎಂದಿದ್ದೇನೆ.

ಇಂತಿ,
ಹನುಮಂತನಗರದ ಒಬ್ಬ ಟೈಲರ್, ಬೆಂಗಳೂರು
(ಮಗಳ ಕೋರಿಕೆಯ ಮೇರೆಗೆ ಹೆಸರು ಬರೆದಿಲ್ಲ)